ಮೂಲೆ ಹಿಡಿದ ಜಾವಾಕ್ಕೆ ಮರುಹುಟ್ಟು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಬೆಂಗಳೂರಿನ ಹೆಂಚಿನ ಮನೆಗಳ ಹಿತ್ತಲುಗಳಲ್ಲಿ, ಗೋಣಿತಾಟಿನ ಮುಸುಕು ಹೊದ್ದ ಮೋಟಾರ್ ಸೈಕಲ್ಲೊಂದು ಗೋಡೆಗೊರಗಿ ನಿಂತಿರುವುದನ್ನು ಇಂದಿಗೂ ಕಾಣಬಹುದು. ಒಂದು ಕಾಲಕ್ಕೆ ಮನೆಯ ಯಜಮಾನನನ್ನು ಕಚೇರಿಗೂ, ಮನೆಯಾಕೆಯನ್ನು ಸಿನಿಮಾಕ್ಕೂ, ಟ್ಯಾಂಕಿನ ಮೇಲೆ ಕುಳಿತ ಮಗುವನ್ನು ಶಾಲೆಗೂ ಹೊತ್ತ ವಾಹನವದು. ಈಗ ಗುಜರಿಯವನು ಅದನ್ನು ತೂಕದ ಲೆಕ್ಕದಲ್ಲಿ ಕೇಳುತ್ತಾನೆ. ಹಿರಿಯರಿಗೆ ಕೊಡಲು ಮನಸ್ಸೊಪ್ಪದು. ಕಿರಿಯರಿಗೆ ನಡೆಸುವ ಬಗೆ ತಿಳಿಯದು. ಇಂತಹ ಇಕ್ಕಟ್ಟಿನಲ್ಲಿ, ಅದುವರೆಗೆ ಸ್ಪ್ಯಾನರ್ ಹಿಡಿದೇ ಅರಿಯದ ಮಗನೋ ಮಗಳೋ “ನಾನೇ ಬಿಚ್ಚಿ ನೋಡುತ್ತೇನೆ” ಎಂದು ಮುಂದೆ ಬಂದರೆ, ಆ ಕೆಲಸ ಕೈಗೂಡೀತೆ?

ಕೈಗೂಡುವುದು ನಿಶ್ಚಯ. ಆದರೆ ಅದಕ್ಕೊಂದು ಷರತ್ತುಂಟು. ಕೈಯ ಬಲಕ್ಕಿಂತ ಅಳತೆಯನ್ನೂ, ಊಹೆಗಿಂತ ಪರೀಕ್ಷೆಯನ್ನೂ ನಂಬಬೇಕು. ಮಳೆ, ಧೂಳುಗಳು ಕೆಡಿಸದೆ ಉಳಿಸಿದ ಭಾಗವನ್ನು ಅವಸರದ ಒಂದು ಸುತ್ತಿಗೆಯ ಪೆಟ್ಟು ಕೆಡಿಸಬಲ್ಲದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಗಡಿಗೆಗೆ ಎಷ್ಟು ಸಲ್ಲುವುದೋ ಎಂಜಿನ್ನಿಗೂ ಅಷ್ಟೇ ಸಲ್ಲುತ್ತದೆ.

ಯಾದವಗಿರಿಯ ಕೂಸು

ಜಾವಾದ ಮೂಲ ಚೆಕೊಸ್ಲೊವಾಕಿಯ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ಹಕ್ಕುಗಳನ್ನು ಕೊಂಡು ತಯಾರಿಕೆಗಿಳಿದನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಎಂದಾಯಿತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಉತ್ಪಾದನೆಯನ್ನಾರಂಭಿಸಿತು. ಮುಂದೆ 1970ರ ದಶಕದಲ್ಲಿ ಅದೇ ವಂಶದ ವಾಹನಗಳು ‘ಯೆಜ್ಡಿ’ ಎಂಬ ಹೆಸರನ್ನು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹವ್ಯಾಸಿಯು ಮರೆಯಬಾರದ ವರ್ಷ ಈ ಕೊನೆಯದು. ತಯಾರಕರ ಬಾಗಿಲು ಮುಚ್ಚಿದ ಮೇಲೆ, ಮುರಿದ ಮೂಲ ಭಾಗಕ್ಕೆ ಬದಲಿಯನ್ನು ಹಳೆಯ ಅಂಗಡಿಗಳ ಅಟ್ಟದಲ್ಲೋ, ಗುಜರಿ ಬೀದಿಯಲ್ಲೋ ಹುಡುಕಬೇಕು. ಇಲ್ಲವೇ ಇತರರು ಹೊಸದಾಗಿ ಮಾಡಿ ಮಾರುವ ಭಾಗಗಳಿಗೆ ಶರಣಾಗಬೇಕು. 2018ರಲ್ಲಿ ಜಾವಾ ಹೆಸರಿನಲ್ಲೇ ಹೊಸ ವಾಹನಗಳು ಮಾರುಕಟ್ಟೆಗೆ ಬಂದವು. ಆದರೆ ಅವುಗಳ ಎಂಜಿನ್ನು ಬೇರೆ ಜಾತಿಯದು. ಅದರ ಪಿಸ್ಟನ್ನು ಅಜ್ಜನ ಗಾಡಿಗೆ ಹೊಂದದು.

ಸರಳ ಯಂತ್ರ, ಸೂಕ್ಷ್ಮ ಗುಣ

ಹಳೆಯ ಜಾವಾ 250ರ ಎಂಜಿನ್ನು ಹೊಸಗೈಗೆ ಒಪ್ಪುವಂಥದು. ಸಿಲಿಂಡರು ಒಂದೇ, ಅದರ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಎರಡನ್ನೂ ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂಟಿಮೀಟರ್ ಆಗುತ್ತದೆ. ಇದು ‘ಟೂ ಸ್ಟ್ರೋಕ್’ ಜಾತಿಯದಾದ್ದರಿಂದ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿರುವ ವಾಲ್ವುಗಳ ಪರಿವಾರ ಇಲ್ಲಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ.

ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ತಗ್ಗಿ, ಕಾರ್ಬ್ಯುರೇಟರಿನಿಂದ ಪೆಟ್ರೋಲು ಬೆರೆತ ಗಾಳಿ ಒಳನುಗ್ಗುತ್ತದೆ. ಪಿಸ್ಟನ್ನು ಇಳಿಯುವಾಗ ಅದೇ ಗಾಳಿ ಅದುಮಲ್ಪಟ್ಟು ಮೇಲಿನ ಕೋಣೆಗೆ ಹಾಯುತ್ತದೆ. ಅಂದರೆ ಕ್ರ್ಯಾಂಕ್‌ಕೇಸೆಂಬುದು ಬರಿಯ ಪೆಟ್ಟಿಗೆಯಲ್ಲ, ಅದೊಂದು ಪಂಪು. ಈ ಒಂದು ಮಾತು ಮನದಟ್ಟಾದರೆ ಮುಂದಿನ ತೊಡಕುಗಳಲ್ಲಿ ಅರ್ಧ ಬಿಡಿಸಿದಂತೆಯೇ ಸರಿ.

ನಿದಾನ ಮತ್ತು ನಿಧಾನ

ಆಯುರ್ವೇದದಲ್ಲಿ ರೋಗದ ಮೂಲವನ್ನರಿಯುವುದಕ್ಕೆ ‘ನಿದಾನ’ವೆಂದು ಹೆಸರು. ಯಂತ್ರಕ್ಕೂ ನಿದಾನ ಬೇಕು. ಅದಕ್ಕೆ ನಿಧಾನವೂ ಬೇಕು. ನಿಂತ ಎಂಜಿನ್ನಿಗೆ ಕೇಳಬೇಕಾದ ಪ್ರಶ್ನೆಗಳು ಮೂರೇ: ಕಿಡಿ ಇದೆಯೆ? ಇಂಧನ ಇಳಿಯುತ್ತಿದೆಯೆ? ಒತ್ತಡ ನಿಲ್ಲುತ್ತಿದೆಯೆ?

ಕಿಕ್ಕರನ್ನು ಮೆಲ್ಲಗೆ ಕೈಯಿಂದಲೇ ಒತ್ತಿ ನೋಡಬೇಕು. ತಡೆಯಿಲ್ಲದೆ ಸಲೀಸಾಗಿ ಇಳಿದರೆ ರಿಂಗುಗಳು ಸವೆದಿರುವ ಸಂಶಯ. ಅಲ್ಲಾಡದೆ ಬಿಗಿದಿದ್ದರೆ ಪಿಸ್ಟನ್ನು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಂಡಿದೆಯೆಂದು ಶಂಕಿಸಬೇಕು. ಆಗ ಕಿಕ್ಕರಿನ ಮೇಲೆ ಏರಿ ನಿಲ್ಲುವುದು ಮಹಾ ತಪ್ಪು. ಪ್ಲಗ್ಗಿನ ರಂಧ್ರದಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ಸುರಿದು ಕೆಲವು ದಿನ ಕಾಯುವುದೇ ಮದ್ದು.

ಪ್ಲಗ್ಗೂ ಸಾಕ್ಷಿ ನುಡಿಯುತ್ತದೆ. ಅದರ ತುದಿ ಕಾಫಿಯ ಬಣ್ಣಕ್ಕಿದ್ದರೆ ಎಂಜಿನ್ನು ಆರೋಗ್ಯವಾಗಿ ಉರಿಯುತ್ತಿತ್ತೆಂದು ಅರ್ಥ. ಕಪ್ಪಾಗಿ ಜಿಡ್ಡುಗಟ್ಟಿದ್ದರೆ ಎಣ್ಣೆಯೋ ಪೆಟ್ರೋಲೋ ಅತಿಯಾಗಿತ್ತು. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ನು ಮಿತಿಮೀರಿ ಕಾದಿತ್ತು. ಇದನ್ನು ಓದದೆ ಹೊಸ ಪ್ಲಗ್ಗು ಹಾಕುವುದೆಂದರೆ ರೋಗಿಯ ಚೀಟಿಯನ್ನು ಹರಿದೆಸೆದು ಮದ್ದು ಕೊಟ್ಟಂತೆ.

ಎಷ್ಟೋ ಗಾಡಿಗಳಿಗೆ ಇಷ್ಟರಲ್ಲೇ ಪರಿಹಾರ ಸಿಗುವುದುಂಟು. ವರ್ಷಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ಟನ್ನು ಮುಚ್ಚಿರುತ್ತದೆ. ಟ್ಯಾಂಕಿನ ತುಕ್ಕು ಕೊಳವೆಯನ್ನು ಕಟ್ಟಿರುತ್ತದೆ. ಜೆಟ್ಟನ್ನು ತಂತಿಯಿಂದ ಚುಚ್ಚಬಾರದು. ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ.

ಬಿಚ್ಚುವ ಬಗೆ

ಎಂಜಿನ್ನನ್ನು ತೆರೆಯಲೇಬೇಕಾದರೆ ಮೊದಲು ಹೊರಮೈಯನ್ನು ಸೀಮೆಎಣ್ಣೆಯಿಂದ ತೊಳೆಯಬೇಕು. ಪೆಟ್ರೋಲಿನಿಂದಲ್ಲ, ಅದರ ಆವಿಗೆ ಒಂದು ಕಿಡಿ ಸಾಕು. ಪ್ರತಿಯೊಂದು ಹಂತದಲ್ಲೂ ಫೋಟೊ ತೆಗೆದು, ತೆಗೆದ ಬೋಲ್ಟುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿಡಬೇಕು. ಬಿಚ್ಚಿದ ದಿನ ಎಲ್ಲವೂ ನೆನಪಿರುತ್ತದೆ. ಲೇತ್ ಅಂಗಡಿಯಿಂದ ಸಿಲಿಂಡರು ಮರಳಿ ಬರುವ ಹೊತ್ತಿಗೆ ಯಾವ ವಾಷರು ಎಲ್ಲಿಯದೆಂದು ಹೇಳಬಲ್ಲವರು ವಿರಳ.

ಹೆಡ್ಡಿನ ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಕಳಚದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಇಲ್ಲವಾದರೆ ಹೆಡ್ಡು ಡೊಂಕಾಗುವ ಭಯ. ಸಿಲಿಂಡರನ್ನು ಎತ್ತಿದೊಡನೆ ಕ್ರ್ಯಾಂಕ್‌ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಬೇಕು. ಪಿಸ್ಟನ್ನಿನ ಪಿನ್ನನ್ನು ಹಿಡಿದ ಪುಟ್ಟ ಉಕ್ಕಿನ ಸರ್ಕ್ಲಿಪ್ಪು ಒಳಗೆ ಜಾರಿತೆಂದರೆ, ಒಂದು ಗಂಟೆಯ ಕೆಲಸ ಒಂದು ವಾರದ್ದಾಗುತ್ತದೆ. ಬಿಗಿಯಾದ ಪಿನ್ನನ್ನು ಬಡಿದರೆ ಕನೆಕ್ಟಿಂಗ್ ರಾಡು ಬಾಗೀತು. ಕುದಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿದರೆ ಅಲ್ಯುಮಿನಿಯಂ ಹಿಗ್ಗಿ ಪಿನ್ನು ಸಡಿಲಾಗುತ್ತದೆ.

ಇದೇ ಉಪಾಯ ಬೇರಿಂಗುಗಳಿಗೂ ಸಲ್ಲುವುದು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 50 ಮಿಲಿಮೀಟರ್ ವ್ಯಾಸದ ಬೇರಿಂಗ್ ಕುಳಿಯನ್ನು 80 ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 0.09 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಕಣ್ಣಿಗೆ ಕಾಣದ ಈ ಅಂತರವೇ ಸುತ್ತಿಗೆಯ ನೆರವಿಲ್ಲದೆ ಹೊಸ ಬೇರಿಂಗನ್ನು ಕೂರಿಸಲು ಸಾಕು.

ಅಳತೆಯ ತೀರ್ಪು

ಬಿಚ್ಚಿದ ಭಾಗಗಳು ತಮ್ಮ ಚರಿತ್ರೆಯನ್ನು ತಾವೇ ಹೇಳುತ್ತವೆ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಹಿಂದೊಮ್ಮೆ ಕಾದು ಕಚ್ಚಿಕೊಂಡಿದ್ದಿತು. ಹೀಗೇಕಾಯಿತೆಂದು ತಿಳಿಯದೆ ಹೊಸ ಪಿಸ್ಟನ್ನು ತೊಡಿಸಿದರೆ ಅದಕ್ಕೂ ಅದೇ ಗತಿ. ಅನೇಕ ವೇಳೆ ಕಾರಣ ಅಗ್ಗದ ಒಂದು ರಬ್ಬರು ಉಂಗುರ—ಕ್ರ್ಯಾಂಕಿನ ಆಯಿಲ್ ಸೀಲು. ಕ್ರ್ಯಾಂಕ್‌ಕೇಸು ಪಂಪೆಂಬುದನ್ನು ಇಲ್ಲಿ ನೆನೆಯಬೇಕು. ಡೈನಮೋ ಬದಿಯ ಸೀಲು ಒಣಗಿ ಬಿರಿದರೆ ಪಂಪು ಕಳ್ಳಗಾಳಿಯನ್ನು ಹೀರಿ ಎಂಜಿನ್ನು ಕಾಯುತ್ತದೆ. ಕ್ಲಚ್ಚಿನ ಬದಿಯದು ಕೆಟ್ಟರೆ ಗೇರಿನ ಎಣ್ಣೆಯನ್ನು ಹೀರಿ ಬೀದಿಯ ತುಂಬ ಹೊಗೆ ಕಾರುತ್ತದೆ. ಎಂಜಿನ್ನು ತೆರೆದಾಗ ಸೀಲುಗಳನ್ನು ಬದಲಾಯಿಸದಿರುವುದು ಜಿಪುಣತನವಲ್ಲ, ದುಂದುಗಾರಿಕೆ.

ಸಿಲಿಂಡರು ಸವೆದಿದ್ದರೆ ಬೋರಿಂಗ್ ಮಾಡಿಸಿ ಒಂದಳತೆ ದೊಡ್ಡ ಪಿಸ್ಟನ್ನು ಹಾಕಬೇಕು. ಇಲ್ಲಿ ಕ್ರಮ ಮುಖ್ಯ: ಮೊದಲು ಪಿಸ್ಟನ್ನು ಕೈಗೆ ಬರಲಿ, ಆಮೇಲೆ ಅದನ್ನಳೆದು ಸಿಲಿಂಡರು ಕೊರೆಯಲಿ. ಹೊಸ ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಮುನ್ನ ಸಿಲಿಂಡರಿನೊಳಗೆ ಸಮವಾಗಿ ಕೂರಿಸಿ, ಅದರ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. 65 ಮಿಲಿಮೀಟರಿನ ಸಿಲಿಂಡರಿಗೆ 0.2ರಿಂದ 0.3 ಮಿಲಿಮೀಟರು ಸಮಂಜಸ. ಸಂದೇ ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ರಿಂಗು ಮುರಿಯುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡುವೆನೆಂಬ ಹಟವೂ ಸಲ್ಲದು. ಬೋರಿಂಗು, ಕ್ರ್ಯಾಂಕನ್ನು ಬಿಡಿಸಿ ಮತ್ತೆ ಒತ್ತಿ ಅದರ ಓರೆಯನ್ನು ತಿದ್ದುವುದು—ಇವು ಪಳಗಿದ ಮೇಸ್ತ್ರಿಯ ಕೆಲಸಗಳು. ತನ್ನ ಕೈ ಎಲ್ಲಿಗೆ ನಿಲ್ಲಬೇಕೆಂದು ಬಲ್ಲವನಿಗೆ ಮೇಸ್ತ್ರಿಯೂ ಮನಬಿಚ್ಚಿ ಕಲಿಸುತ್ತಾನೆ.

ಮೊದಲ ಹೊಗೆ

ಜೋಡಿಸುವಾಗ ಹೊಸ ಗ್ಯಾಸ್ಕೆಟ್ಟು, ಹೊಸ ಸರ್ಕ್ಲಿಪ್ಪು. ಉಜ್ಜುವ ಭಾಗಗಳಿಗೆಲ್ಲ ಎಣ್ಣೆಯ ಲೇಪ. ರಿಂಗಿನ ತುದಿಗಳು ಪಿಸ್ಟನ್ನಿನ ಗಾಡಿಯಲ್ಲಿರುವ ಪುಟ್ಟ ಮೊಳೆಗೆ ಎದುರಾಗಿ ಕೂರಬೇಕು. ತಪ್ಪಿದರೆ ಕಿಂಡಿಗೆ ಸಿಕ್ಕಿ ಚೂರಾಗುತ್ತವೆ. ಕಾಂಟ್ಯಾಕ್ಟ್ ಪಾಯಿಂಟಿನ ಸಂದು 0.4 ಮಿಲಿಮೀಟರು. ಈ ಎಂಜಿನ್ನಿನ ಪಿಸ್ಟನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೊಂದೇ ರಕ್ಷೆ. 25 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆಯೆಂದರೆ ಲೀಟರಿಗೆ 40 ಮಿಲಿಲೀಟರು; ಇದನ್ನು ಕಣ್ಣಂದಾಜಿಗೆ ಬಿಡಬಾರದು.

ಮೊದಲ ಚಾಲನೆ ಬಯಲಿನಲ್ಲಾಗಲಿ; ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನಿನ ಹೊಗೆ ಪ್ರಾಣಾಂತಕ. ಆರಂಭದ ಕೆಲವು ನೂರು ಕಿಲೋಮೀಟರುಗಳನ್ನು ಮಂದಗತಿಯಲ್ಲಿ ಕಳೆದರೆ ಹೊಸ ರಿಂಗುಗಳೂ ಹೊಸ ಸಿಲಿಂಡರೂ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ.

ಇಷ್ಟು ಶ್ರಮಪಟ್ಟು ದೊರೆಯುವ ಲಾಭವೇನೆಂದು ಕೇಳುವವರುಂಟು. ಸಮಯಕ್ಕೂ ಹಣಕ್ಕೂ ಲೆಕ್ಕ ಹಾಕಿದರೆ ಹೊಸ ಗಾಡಿಯೇ ಸುಲಭವೆನಿಸೀತು. ಆದರೆ ಕಾರ್ಖಾನೆಯ ಬಾಗಿಲು ಮುಚ್ಚಿದ ಮೇಲೂ ಈ ಎಂಜಿನ್ನುಗಳು ಉಸಿರಾಡುತ್ತಿರುವುದು ಅವುಗಳ ಒಳಗನ್ನು ಬಲ್ಲ ಕೈಗಳಿಂದ. ಆ ಮೇಸ್ತ್ರಿಗಳಲ್ಲಿ ಅನೇಕರು ಈಗ ವೃದ್ಧರು. ಅವರ ಬಳಿ ಕುಳಿತು ಒಂದು ಎಂಜಿನ್ನನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸಿದ ಹುಡುಗನೋ ಹುಡುಗಿಯೋ ಉಳಿಸುವುದು ಒಂದು ಗಾಡಿಯನ್ನು ಮಾತ್ರವಲ್ಲ, ಆ ವಿದ್ಯೆಯನ್ನೂ. ಹಿತ್ತಲಿನ ಕಬ್ಬಿಣವನ್ನು ನಾಳೆ ಬೇಕಾದರೂ ತೂಗಿ ಮಾರಬಹುದು. ಮೇಸ್ತ್ರಿಯ ಕೈಗುಣವನ್ನು ಕಲಿಯಲು ಇರುವ ಕಾಲ ಮಾತ್ರ ಇಂದಿನದು.