ನಮ್ಮ ಆ್ಯಪ್‌ಗೆ ಎಷ್ಟು ಗೊತ್ತಿರಬೇಕು?



ಈ ಸಭೆಯಲ್ಲಿ ಕೂತಿರುವ ಬಹಳಷ್ಟು ಮಂದಿ ವಾಲ್ಡಾರ್ಫ್, ಮ್ಯೂನಿಕ್, ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್‌ಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು. ಹಾಗಾಗಿ ಯಾವುದೇ ಕನ್ನಡ ಕೂಟ "ನಮ್ಮದೇ ಒಂದು ಆ್ಯಪ್ ಬೇಕು" ಎಂದರೆ "ಎರಡು ವೀಕೆಂಡ್ ಸಾಕು" ಎಂಬ ಉತ್ತರ ಕೂಡಲೇ ಬರುತ್ತದೆ. ಅದು ಸುಳ್ಳೂ ಅಲ್ಲ. ಲಾಗಿನ್‌ಗೆ ಫೈರ್‌ಬೇಸ್ ಅಥವಾ ಕಾಗ್ನಿಟೋ, ಮಾಹಿತಿ ಇಡಲು ಫೈರ್‌ಸ್ಟೋರ್, ಫೋಟೋಗಳಿಗೆ ಅಮೆಜಾನ್ ಎಸ್3, ಸಂದೇಶಗಳಿಗೆ ಪುಶ್ ಸೇವೆ. ಎಲ್ಲವೂ ಬಾಡಿಗೆಗೆ ಸಿಗುತ್ತವೆ.

ಊರಿನ ಮದುವೆ ನೆನಪಿಸಿಕೊಳ್ಳಿ. ಶಾಮಿಯಾನ, ಪಾತ್ರೆ, ಅಡುಗೆಯವರು, ಎಲ್ಲವೂ ಬಾಡಿಗೆಗೆ ಬರುತ್ತವೆ. ಆದರೆ ಬಂದ ನೆಂಟರ ಜವಾಬ್ದಾರಿ ಮನೆಯವರದ್ದೇ. ಯುರೋಪಿನಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ಜಿಡಿಪಿಆರ್ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕ್ಲೌಡ್ ಕಂಪನಿ ನಮ್ಮ ಪರವಾಗಿ ಮಾಹಿತಿ ಸಂಸ್ಕರಿಸುತ್ತದೆ. ಆ ಮಾಹಿತಿಯನ್ನು ಯಾಕೆ, ಎಷ್ಟು ಸಂಗ್ರಹಿಸಬೇಕು ಎಂದು ತೀರ್ಮಾನಿಸಿದವರು ನಾವು. ಅದಕ್ಕೆ ಉತ್ತರ ಕೊಡಬೇಕಾದವರೂ ಮೊದಲಿಗೆ ನಾವೇ.

ನನಗೆ ಇದು ಅರ್ಥವಾದದ್ದು ಒಂದು ಮುಜುಗರದಿಂದ. ಹಿಂದೆ ನಾನು ಕೈಜೋಡಿಸಿದ್ದ ಒಂದು ಕಾರ್ಯಕ್ರಮದ ನೋಂದಣಿ ಪಟ್ಟಿಯನ್ನು ಲಿಂಕ್ ಇದ್ದವರೆಲ್ಲ ನೋಡಬಹುದಿತ್ತು. ಲಿಂಕ್ ಗುಂಪಿನಿಂದ ಗುಂಪಿಗೆ ಹೋಯಿತು. ಜರ್ಮನಿಗೆ ಬಂದು ಎರಡು ತಿಂಗಳಾಗಿದ್ದ ಒಬ್ಬ ತಂಗಿಗೆ ವಿಮೆ ಮಾರುವವರ ಫೋನು ಶುರುವಾಯಿತು. "ನನ್ನ ನಂಬರ್ ಇವರಿಗೆ ಹೇಗೆ ಸಿಕ್ತು ಅಣ್ಣಾ?" ಎಂದು ಕೇಳಿದಳು. ಪಟ್ಟಿ ಮಾಡಿದವನು ನಾನೇ. ಆಮೇಲೆ ಅವಳು ನಮ್ಮ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಹಾಗಾದರೆ ಹೇಗೆ ಕಟ್ಟಬೇಕು? ನಾವೆಲ್ಲರೂ ಬಳಸಿದ ಒಂದು ಉದಾಹರಣೆ ಇಲ್ಲೇ ಇದೆ: ಕೊರೊನಾ-ವಾರ್ನ್-ಆ್ಯಪ್.

ಸೋಂಕಿತರ ಹತ್ತಿರ ಇದ್ದವರಿಗೆ ಎಚ್ಚರಿಕೆ ಕೊಡುವುದು ಅದರ ಕೆಲಸ. ಸಂಪರ್ಕದ ಮಾಹಿತಿಯನ್ನು ಕೇಂದ್ರ ಸರ್ವರ್‌ನಲ್ಲಿ ಇಡುವ ಯೋಚನೆ ಮೊದಲು ಇತ್ತು. ತಜ್ಞರ ಟೀಕೆಯ ನಂತರ 2020ರ ಏಪ್ರಿಲ್ 26ರಂದು ಜರ್ಮನ್ ಸರ್ಕಾರ ದಾರಿ ಬದಲಿಸಿತು. ಎಸ್‌ಎಪಿ ಮತ್ತು ಡಾಯ್ಚ ಟೆಲಿಕಾಂ ಸೇರಿ ಕಟ್ಟಿದ ಆ್ಯಪ್ ಜೂನ್ 16ರಂದು ಹೊರಬಂತು. ಅದರ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿತ್ತು.

ಅದು ಕೆಲಸ ಮಾಡಿದ್ದು ಹೀಗೆ. ಪ್ರತಿ ಫೋನು ಬ್ಲೂಟೂತ್‌ನಲ್ಲಿ ಒಂದು ಗುರುತಿನ ಸಂಖ್ಯೆಯನ್ನು ಬಿತ್ತರಿಸುತ್ತಿತ್ತು. ಆ ಸಂಖ್ಯೆ 10ರಿಂದ 20 ನಿಮಿಷಕ್ಕೊಮ್ಮೆ ಬದಲಾಗುತ್ತಿತ್ತು. ಹತ್ತಿರದ ಫೋನುಗಳು ಅದನ್ನು ತಮ್ಮಲ್ಲೇ ಸುಮಾರು 14 ದಿನ ಇಟ್ಟುಕೊಳ್ಳುತ್ತಿದ್ದವು. ಯಾರಿಗಾದರೂ ಪಾಸಿಟಿವ್ ಬಂದು, ಅವರು ಒಪ್ಪಿದರೆ ಮಾತ್ರ, ಅವರ ಫೋನಿನ ದೈನಂದಿನ ಕೀಗಳು ಸರ್ವರ್‌ಗೆ ಹೋಗುತ್ತಿದ್ದವು. ಉಳಿದ ಫೋನುಗಳು ಆ ಕೀಗಳನ್ನು ಇಳಿಸಿಕೊಂಡು, ತಾವು ಕೇಳಿದ್ದ ಸಂಖ್ಯೆಗಳ ಜೊತೆ ತಾವೇ ಹೋಲಿಸಿ ನೋಡುತ್ತಿದ್ದವು. ಯಾರು ಯಾರನ್ನು ಭೇಟಿಯಾದರು ಎಂಬುದು ಸರ್ವರ್‌ಗೆ ಗೊತ್ತೇ ಆಗುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಊರಲ್ಲಿ ಅಪ್ಪ-ಅಮ್ಮನ ಫೋನಿನಲ್ಲಿದ್ದ ಆರೋಗ್ಯ ಸೇತು ಮೊಬೈಲ್ ನಂಬರ್ ಕೇಳುತ್ತಿತ್ತು, ಜಿಪಿಎಸ್ ಕೂಡ ಬಳಸುತ್ತಿತ್ತು.

ಜರ್ಮನ್ ತಂಡ ಇನ್ನೂ ಎರಡು ಎಚ್ಚರ ವಹಿಸಿತು. ಕೀ ಕಳಿಸುವ ಫೋನು ಸೋಂಕಿತರದ್ದೆಂದು ನೆಟ್‌ವರ್ಕ್ ಗಮನಿಸುವವರು ಊಹಿಸಬಾರದೆಂದು, ಎಲ್ಲರ ಫೋನುಗಳೂ ಆಗಾಗ ಸುಳ್ಳು ವಿನಂತಿಗಳನ್ನು ಕಳಿಸುತ್ತಿದ್ದವು. ಜೊತೆಗೆ, ಕನಿಷ್ಠ 140 ಕೀಗಳು ಸೇರುವವರೆಗೆ ಸರ್ವರ್ ಹೊಸ ಕಟ್ಟನ್ನು ಪ್ರಕಟಿಸುತ್ತಿರಲಿಲ್ಲ. ಗುಂಪು ದೊಡ್ಡದಾದಷ್ಟೂ ಒಬ್ಬರನ್ನು ಹುಡುಕುವುದು ಕಷ್ಟ.

ಇದಕ್ಕೆ ಬೆಲೆಯೂ ಇತ್ತು. ಎಷ್ಟು ಜನರಿಗೆ ಎಚ್ಚರಿಕೆ ಹೋಯಿತು ಎಂದು ಸರ್ವರ್‌ನಿಂದ ನೇರವಾಗಿ ತಿಳಿಯುತ್ತಿರಲಿಲ್ಲ. ಆ್ಯಪ್‌ನಿಂದ ಪ್ರಯೋಜನ ಎಷ್ಟು ಎಂಬ ವಾದ ನಿಲ್ಲಲಿಲ್ಲ. 2021ರ ಮಾರ್ಚ್‌ನಲ್ಲಿ, ಇಷ್ಟವಿದ್ದವರು ಮಾತ್ರ ಮಾಹಿತಿ ದಾನ ಮಾಡುವ ಅವಕಾಶ ಸೇರಿಸಿದರು. ಆದರೂ 4 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆದ ಆ ಆ್ಯಪ್ ತನ್ನ ಕೆಲಸ ಮುಗಿಸಿ 2023ರ ಜೂನ್‌ನಲ್ಲಿ ವಿಶ್ರಾಂತಿಗೆ ಹೋದಾಗ, ಸೋರಿಹೋಗಲು ಯಾರ ಭೇಟಿಯ ಪಟ್ಟಿಯೂ ಸರ್ವರ್‌ನಲ್ಲಿ ಇರಲಿಲ್ಲ.

ನಮ್ಮ ಕೂಟದ ಆ್ಯಪ್‌ಗೆ ಇಷ್ಟೆಲ್ಲ ಬೇಡ. ಆದರೆ ಪ್ರತಿ ಫೀಚರ್ ಕಟ್ಟುವ ಮೊದಲು ಅದೇ ಪ್ರಶ್ನೆ ಕೇಳಬಹುದು: ಸರ್ವರ್‌ಗೆ ಇದು ಗೊತ್ತಿರಲೇಬೇಕೇ?

ರಾಜ್ಯೋತ್ಸವದ ಊಟಕ್ಕೆ ಬೇಕಾದದ್ದು ಎಷ್ಟು ಎಲೆ ಎಂಬ ಲೆಕ್ಕ. ಯಾರು ಏನು ತಿನ್ನುತ್ತಾರೆ ಎಂದು ಹೆಸರಿನ ಪಕ್ಕ ಬರೆದಿಡುವುದು ಬೇಡ. ಮಕ್ಕಳ ಕನ್ನಡ ತರಗತಿಗೆ ವಯೋಮಾನ ಸಾಕು, ಹುಟ್ಟಿದ ತಾರೀಖು ಬೇಡ. ಆಯಾ ಊರಿನವರಿಗೆ ಸಂದೇಶ ಕಳಿಸಬೇಕಾದರೆ ಫೈರ್‌ಬೇಸ್‌ನ ಟಾಪಿಕ್ ಬಳಸಿ. "ಮ್ಯೂನಿಕ್" ಎಂಬ ವಿಷಯಕ್ಕೆ ಸದಸ್ಯರ ಫೋನೇ ಚಂದಾದಾರನಾಗುತ್ತದೆ. ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ನಮ್ಮ ಡೇಟಾಬೇಸ್‌ನಲ್ಲಿ ಬೇಕಾಗುವುದಿಲ್ಲ.

ಅನುಭವದಿಂದ ಇನ್ನು ನಾಲ್ಕು ಮಾತು. ಫೈರ್‌ಸ್ಟೋರ್‌ನ ಟೆಸ್ಟ್ ಮೋಡ್‌ನಲ್ಲಿ 30 ದಿನ ಯಾರು ಬೇಕಾದರೂ ಓದಬಹುದು, ಬರೆಯಬಹುದು. ನಿಜವಾದ ಹೆಸರು ಹಾಕುವ ಮೊದಲೇ ಸೆಕ್ಯುರಿಟಿ ರೂಲ್ಸ್ ಬರೆಯಿರಿ. ಡೇಟಾಬೇಸ್ ಎಲ್ಲಿರಬೇಕು ಎಂದು ಮೊದಲ ದಿನವೇ ಯೋಚಿಸಿ, ಫ್ರಾಂಕ್‌ಫರ್ಟ್ ಆಯ್ಕೆ ಅಲ್ಲಿದೆ. ಒಮ್ಮೆ ತೆರೆದ ಡೇಟಾಬೇಸಿನ ಜಾಗ ಬದಲಿಸಲು ಆಗುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ನೋಂದಣಿ ತಾನಾಗಿ ಅಳಿಸಿಹೋಗುವಂತೆ ಅವಧಿ ನಿಗದಿಪಡಿಸಿ, ಫೈರ್‌ಸ್ಟೋರ್ ಮತ್ತು ಎಸ್3 ಎರಡರಲ್ಲೂ ಆ ಸೌಲಭ್ಯ ಇದೆ. ಕನ್ನಡ ಫಾಂಟ್ ಅನ್ನು ನಮ್ಮದೇ ಸರ್ವರ್‌ನಲ್ಲಿ ಇಡಿ. 2022ರ ಜನವರಿ 20ರಂದು ಮ್ಯೂನಿಕ್‌ನ ನ್ಯಾಯಾಲಯವೊಂದು, ಒಪ್ಪಿಗೆ ಪಡೆಯದೆ ಗೂಗಲ್ ಸರ್ವರ್‌ನಿಂದ ಫಾಂಟ್ ತರಿಸಿದ ವೆಬ್‌ಸೈಟಿನವರು ಓದುಗನಿಗೆ 100 ಯೂರೋ ಕೊಡಬೇಕೆಂದು ತೀರ್ಪು ನೀಡಿತು. ಆ ಓದುಗನ ಐಪಿ ವಿಳಾಸ ಗೂಗಲ್‌ಗೆ ಹೋದದ್ದೇ ಕಾರಣ.

ಹೊಸದಾಗಿ ಬಂದವರು ಪರಊರಿನಲ್ಲಿ ಕನ್ನಡ ಕೇಳಿದ ಖುಷಿಗೆ ಹಿಂದೆಮುಂದೆ ನೋಡದೆ ಫಾರ್ಮ್ ತುಂಬುತ್ತಾರೆ. ಮುಂದಿನ ಸಮಿತಿ ಸಭೆಗೆ ಹೋಗುವಾಗ ನಿಮ್ಮ ಕೂಟದ ಫಾರ್ಮ್ ಅನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿರುವ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಯಾಕೆ ಬೇಕು, ಯಾವಾಗ ಅಳಿಸುತ್ತೇವೆ ಎಂದು ಬರೆಯಿರಿ. ಉತ್ತರ ಸಿಗದ ಪ್ರಶ್ನೆಯನ್ನು ಅಂದೇ ತೆಗೆದುಹಾಕಿ.