ಡೀಸೆಲ್ ಕಾರಿನ ಡಿಪಿಎಫ್: ಮನೆಯಲ್ಲೇ ಬಿಚ್ಚಿ ಬಿಸಾಡುವ ಮೊದಲು ಇದನ್ನು ಓದಿ

ಊರಿನ ಎಷ್ಟೋ ಮನೆಗಳಲ್ಲಿ ಡೀಸೆಲ್ ಕಾರು ಓಡುವುದು ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು, ಮಧ್ಯಾಹ್ನ ಪೇಟೆಗೆ, ಸಂಜೆ ಮೀನು ತರಲು. ಕಾರು ಕೊಂಡ ಮಗ ಗಲ್ಫ್‌ನಲ್ಲಿದ್ದರೆ ವಾರಗಟ್ಟಲೆ ಶೆಡ್‌ನಲ್ಲೇ ನಿಂತಿರುವುದೂ ಉಂಟು. ಹೀಗಿರುವಾಗ ಒಂದು ದಿನ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಉರಿಯುತ್ತದೆ, ಗಾಡಿ ಎಳೆಯುವುದಿಲ್ಲ. ಸರ್ವಿಸ್ ಸೆಂಟರ್‌ನವರು ‘ಡಿಪಿಎಫ್ ಬ್ಲಾಕ್ ಆಗಿದೆ’ ಎಂದು ದೊಡ್ಡ ಮೊತ್ತದ ಎಸ್ಟಿಮೇಟ್ ಕೊಡುತ್ತಾರೆ. ಅಷ್ಟರಲ್ಲಿ ಪರಿಚಯದವರೊಬ್ಬರ ಸಲಹೆ ಬರುತ್ತದೆ: ‘ಅದಕ್ಕೆಲ್ಲ ದುಡ್ಡು ಯಾಕೆ ಕಾಕ? ಮನೆಯಲ್ಲೇ ಜಾಕ್ ಕೊಟ್ಟು ಬಿಚ್ಚಿ ಬಿಸಾಡಿದ್ರೆ ಆಯ್ತು. ಪಿಕಪ್ ಕೂಡ ಬರ್ತದೆ.’

ಕೇಳಲು ಸುಲಭದ ಸಲಹೆ. ಆದರೆ ಫಿಲ್ಟರ್ ಕಟ್ಟಿಕೊಂಡಿರುವುದು ರೋಗವಲ್ಲ, ರೋಗದ ಲಕ್ಷಣ. ಲಕ್ಷಣವನ್ನು ಬಿಸಾಡಿದರೆ ರೋಗ ಇಂಜಿನ್‌ನಲ್ಲೇ ಉಳಿಯುತ್ತದೆ.

ಏನಿದು ಡಿಪಿಎಫ್?

ಟರ್ಬೊದಿಂದ ಹೊರಬರುವ ಹೊಗೆ ಮೊದಲು ಕೆಟಲಿಟಿಕ್ ಕನ್ವರ್ಟರ್, ನಂತರ ಡಿಪಿಎಫ್, ಕೊನೆಗೆ ಸೈಲೆನ್ಸರ್ ಮೂಲಕ ಹೋಗುತ್ತದೆ. ಡಿಪಿಎಫ್ ಎಂದರೆ ಮಸಿ ಹಿಡಿಯುವ ಫಿಲ್ಟರ್. ಉಕ್ಕಿನ ಡಬ್ಬದೊಳಗೆ ಜೇನುಗೂಡಿನಂತಹ ಪಿಂಗಾಣಿ. ಅದರ ಸಣ್ಣ ಕೊಳವೆಗಳಲ್ಲಿ ಒಂದರ ಮುಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕವೇ ಸೋಸಿ ಹೋಗಬೇಕು. ಮಸಿ ಒಳಗೇ ಉಳಿಯುತ್ತದೆ.

ದೇಶದಲ್ಲಿ 2020ರ ಎಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ ಡೀಸೆಲ್ ಕಾರು ಉಗುಳಬಹುದಾದ ಮಸಿಕಣದ ಮಿತಿ ಕಿಲೋಮೀಟರ್‌ಗೆ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿಯಿತು. ಬಿಎಸ್-4 ಕಾಲದ ಬಹುತೇಕ ಸಣ್ಣ ಡೀಸೆಲ್ ಕಾರುಗಳಲ್ಲಿ ಇಲ್ಲದಿದ್ದ ಡಿಪಿಎಫ್ ಆ ಬಳಿಕ ಸಾಮಾನ್ಯವಾಯಿತು.

ಯಾಕೆ ಕಟ್ಟಿಕೊಳ್ಳುತ್ತದೆ?

ತುಂಬಿದ ಮಸಿಯನ್ನು ಕಾರು ತಾನೇ ಸುಟ್ಟುಕೊಳ್ಳುತ್ತದೆ. ಇದಕ್ಕೆ ರೀಜನರೇಶನ್ ಎನ್ನುತ್ತಾರೆ. ಇಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಹತ್ತು-ಇಪ್ಪತ್ತು ನಿಮಿಷ ನಿಲ್ಲದೆ ಓಡಿದರೆ ಕೆಲಸ ಮುಗಿಯುತ್ತದೆ. ಮೂರು ಕಿಲೋಮೀಟರ್ ಓಡಿ ಆಫ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳು ಮಾಡುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಇದೇ ಸೂಚನೆ. ತೆಳುವಾದ ಆಯಿಲ್ ಟರ್ಬೊದ ಬೇರಿಂಗನ್ನೂ ತಿನ್ನುತ್ತದೆ.

ಬೇರೆ ಕಾರಣಗಳೂ ಇವೆ: ಇಜಿಆರ್ ವಾಲ್ವ್ ಸಿಕ್ಕಿಕೊಳ್ಳುವುದು, ಇಂಜೆಕ್ಟರ್ ಸೋರುವುದು, ಟರ್ಬೊ ಸೀಲ್ ಹೋಗಿ ಆಯಿಲ್ ಉರಿಯುವುದು, ಡಿಪಿಎಫ್‌ಗೆ ಹೊಂದದ ಅಗ್ಗದ ಆಯಿಲ್ ಹಾಕುವುದು. ಕೆಲವೊಮ್ಮೆ ಫಿಲ್ಟರ್ ಸರಿಯಾಗಿಯೇ ಇದ್ದು, ಒತ್ತಡ ಅಳೆಯುವ ಸಣ್ಣ ಸೆನ್ಸರ್ ಮಾತ್ರ ಕೆಟ್ಟಿರುತ್ತದೆ.

ಮನೆಯಲ್ಲಿ ಬಿಚ್ಚಿದರೆ?

ಮೊದಲ ಅಪಾಯ ಜೀವಕ್ಕೆ. ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಅದರ ಆಧಾರದಲ್ಲಿ ಗಾಡಿಯ ಅಡಿಗೆ ನುಸುಳಲೇಬಾರದು. ಆಗಷ್ಟೇ ಓಡಿ ಬಂದ ಗಾಡಿಯ ಫಿಲ್ಟರ್ ಬಹಳ ಹೊತ್ತು ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ನೋಡುವುದೂ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಎರಡನೆಯದು ಗಾಡಿಗೆ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟ್ ಬಲವಂತಕ್ಕೆ ಮುರಿಯುತ್ತದೆ. ಅದು ಟರ್ಬೊ ಬದಿಯದ್ದಾದರೆ ಖರ್ಚು ಇನ್ನಷ್ಟು ಏರುತ್ತದೆ. ‘ಒಳಗಿನದ್ದನ್ನು ರಾಡ್ ಹಾಕಿ ಒಡೆದ್ರೆ ಸಾಕು’ ಎಂದು ಕುಟ್ಟಿದರೆ ಪಿಂಗಾಣಿಯ ಧೂಳು ಮತ್ತು ಮಸಿ ಶ್ವಾಸಕೋಶಕ್ಕೆ ಹೋಗುತ್ತದೆ. ಖಾಲಿ ಡಬ್ಬ ಹಾಕಿ ಓಡಿಸಿದರೂ ಸೆನ್ಸರ್‌ಗಳು ಸುಮ್ಮನಿರುವುದಿಲ್ಲ. ದೀಪ ಮತ್ತೆ ಉರಿಯುತ್ತದೆ, ಗಾಡಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಆಗ ಇಸಿಯು ಸಾಫ್ಟ್‌ವೇರ್ ತಿದ್ದಿಸಬೇಕು. ವಾರಂಟಿ ಅಲ್ಲಿಗೆ ಮುಗಿಯಿತು.

‘ಫ್ರೀಯಾಗಿ ತೆಗೆದು ಕೊಡ್ತೇವೆ’ ಎನ್ನುವವರ ಬಗ್ಗೆಯೂ ಎಚ್ಚರ ಬೇಕು. ಈ ಡಬ್ಬಗಳಲ್ಲಿ ಪ್ಲಾಟಿನಂನಂತಹ ಬೆಲೆಬಾಳುವ ಲೋಹದ ಲೇಪವಿದ್ದು, ಗುಜರಿಯಲ್ಲೂ ಒಳ್ಳೆಯ ಬೆಲೆಯಿದೆ.

ಮೂರನೆಯದು ಕಾನೂನು. ತಯಾರಕರು ಕೊಟ್ಟ ಭಾಗಗಳನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲಕನಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲಿನ್ಯ ಮಿತಿ ಮೀರಿದರೆ 190ನೇ ಸೆಕ್ಷನ್ ಬೇರೆ. ಗಾಡಿ ಕೆಎಲ್-14 ಆಗಿರಲಿ, ಕೆಎ-19 ಆಗಿರಲಿ, ಕಾಯ್ದೆ ಒಂದೇ.

ಕೊನೆಯದಾಗಿ, ಆ ಮಸಿ ಎಲ್ಲಿಗೆ ಹೋಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಶಾಲೆಯ ಗೇಟ್ ಮುಂದೆ ಸ್ಟಾರ್ಟ್‌ನಲ್ಲೇ ನಿಂತ ಗಾಡಿಯ ಹೊಗೆ ಕುಡಿಯುವವರು ನಮ್ಮದೇ ಮಕ್ಕಳು.

ಹಾಗಾದರೆ ಏನು ಮಾಡಬೇಕು?

ಹಳದಿ ದೀಪ ಮಾತ್ರ ಉರಿದಿದ್ದರೆ ಮೊದಲು ಕಾರಿನ ಕೈಪಿಡಿ ನೋಡಿ. ಸಾಮಾನ್ಯವಾಗಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ, ಒಂದು ಗೇರ್ ಕೆಳಗಿಟ್ಟು ಇಪ್ಪತ್ತು ನಿಮಿಷ ಓಡಿಸಿದರೆ ದೀಪ ಆರುತ್ತದೆ. ತಲಪಾಡಿಯಿಂದ ಕಾಸರಗೋಡಿಗೆ ಒಂದು ಸವಾರಿ ಸಾಕಾಗಬಹುದು. ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ.

ದೀಪ ಮಿನುಗುತ್ತಿದ್ದರೆ, ಕೆಂಪಾದರೆ ಅಥವಾ ಗಾಡಿ ಎಳೆಯದಿದ್ದರೆ ಓಡಿಸಬೇಡಿ. ಸ್ಕ್ಯಾನರ್ ಇರುವ ವರ್ಕ್‌ಶಾಪ್‌ನಲ್ಲಿ ಕಾರಣ ಹುಡುಕಿಸಿ, ಅಲ್ಲೇ ರೀಜನರೇಶನ್ ಮಾಡಿಸಿ. ಅದಕ್ಕೂ ಬಗ್ಗದಿದ್ದರೆ ಫಿಲ್ಟರ್ ಬಿಚ್ಚಿ, ಯಂತ್ರದಲ್ಲಿ ತೊಳೆದು, ಮತ್ತೆ ಅದನ್ನೇ ಕೂರಿಸುವವರಿದ್ದಾರೆ. ಹೊಸದಕ್ಕಿಂತ ಬಹಳ ಕಡಿಮೆ ಖರ್ಚು. ಬಿಚ್ಚುವುದು ತಪ್ಪಲ್ಲ, ವಾಪಸ್ ಹಾಕದಿರುವುದು ತಪ್ಪು.

ಇನ್ನು ಹೊಸದಾಗಿ ಕಾರು ಕೊಳ್ಳುವವರಿಗೆ ಒಂದು ಮಾತು: ಓಡಾಟ ಊರೊಳಗೆ ಮಾತ್ರ ಇದ್ದರೆ ಡೀಸೆಲ್ ಬೇಡ, ಪೆಟ್ರೋಲ್ ಸಾಕು.