ಮೇರೆ ಖರ್ಚಿಗೆ, ಕೊಡುಗೆಗಲ್ಲ: ಜಾನ್ ವೆಸ್ಲಿಯವರ ಲೆಕ್ಕಾಚಾರ

ಸಂಬಳ ಏರಿದೊಡನೆ ಖರ್ಚೂ ಅದರ ಬೆನ್ನುಹತ್ತಿ ಏರುವುದು ಎಲ್ಲ ಕಾಲದ ಸಂಸಾರಗಳ ಅನುಭವ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಾದ್ರಿಯೊಬ್ಬರು ಈ ನಂಟನ್ನೇ ಕಡಿದುಹಾಕಲು ಹೊರಟರು. ಅವರು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ (1703-1791). ಮೈಸೂರಿನ ವೆಸ್ಲಿ ಪ್ರೆಸ್ಸಿನಿಂದಾಗಿ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಯೇಸುವಿನ ಆಜ್ಞೆಯನ್ನು ಅವರು ಮನೆಯ ಜಮಾಖರ್ಚಿಗೆ ಅನ್ವಯಿಸಿದ ಬಗೆ ಮಾತ್ರ ಅಷ್ಟಾಗಿ ಪರಿಚಿತವಲ್ಲ.

ವೆಸ್ಲಿಯವರಿಗೆ ಹಣದ ಸಂಕಟ ಮನೆಯಲ್ಲೇ ಕಂಡದ್ದು. ತಂದೆ ಸ್ಯಾಮ್ಯುಯೆಲ್ ಎಪ್‌ವರ್ತ್ ಎಂಬ ಊರಿನ ಪಾದ್ರಿ. ಮನೆತುಂಬ ಮಕ್ಕಳು, ತಲೆತುಂಬ ಸಾಲ. 1705ರಲ್ಲಿ ಸಾಲ ತೀರಿಸಲಾಗದೆ ಅವರು ಲಿಂಕನ್ ಕೋಟೆಯ ಸೆರೆಮನೆ ಸೇರಿದಾಗ ಜಾನ್‌ಗೆ ಎರಡೇ ವರ್ಷ.

ಮುಂದೆ ಆಕ್ಸ್‌ಫರ್ಡಿನಲ್ಲಿ ಕೈಗೆ ಸ್ವಂತ ಗಳಿಕೆ ಬಂದ ಕಾಲದ ಒಂದು ಪ್ರಸಂಗವನ್ನು ವೆಸ್ಲಿ ಮುಪ್ಪಿನಲ್ಲಿ ಸ್ಮರಿಸಿದ್ದಾರೆ. ಕೊರೆಯುವ ಚಳಿಗಾಲದ ಒಂದು ದಿನ, ಅವರ ಬಳಗವು ಓದಿಸುತ್ತಿದ್ದ ಬಡ ಹುಡುಗಿಯೊಬ್ಬಳು ತೆಳುವಾದ ಉಡುಪಿನಲ್ಲಿ ಬಂದು ನಿಂತಳು. ಮೈಮುಚ್ಚಲು ಬೇರೇನೂ ಇಲ್ಲವೆಂದಳು. ವೆಸ್ಲಿ ಜೇಬಿಗೆ ಕೈಹಾಕಿದರೆ ಇದ್ದದ್ದು ಅತ್ಯಲ್ಪ. ಹಣವೆಲ್ಲ ಗೋಡೆಯ ಚಿತ್ರಪಟಗಳಿಗೆ ಸಂದಾಯವಾಗಿತ್ತು. ಆ ಚಿತ್ರಗಳಲ್ಲಿ ಅವರಿಗೆ ಆ ಹುಡುಗಿಯ ರಕ್ತವೇ ಕಂಡಿತು.

ಆಕ್ಸ್‌ಫರ್ಡಿನ ಮೆಥಡಿಸ್ಟನೊಬ್ಬನ ಲೆಕ್ಕವೊಂದನ್ನು ವೆಸ್ಲಿ ಹೆಸರು ಹೇಳದೆ ಬರೆದಿದ್ದಾರೆ. ಅದು ಅವರದೇ ಎಂಬುದು ಸಾಮಾನ್ಯ ಅಭಿಪ್ರಾಯ. ಮೊದಲ ವರ್ಷದ ವರಮಾನ 30 ಪೌಂಡ್. 28 ಖರ್ಚು, 2 ದಾನ. ಮರುವರ್ಷ ವರಮಾನ 60ಕ್ಕೇರಿತು. ಖರ್ಚು ಅದೇ 28, ದಾನ 32. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92 ಪೌಂಡ್ ಬಡವರ ಪಾಲಾಯಿತು. ಹತ್ತರಲ್ಲೊಂದು ಪಾಲು ಕೊಟ್ಟು ಕೈತೊಳೆದುಕೊಳ್ಳುವ ದಶಮಾಂಶದ ಕ್ರಮಕ್ಕೂ ಇದಕ್ಕೂ ಇರುವ ಅಂತರ ಗಮನಾರ್ಹ. ಇಲ್ಲಿ ಮೇರೆ ಬಿದ್ದದ್ದು ಖರ್ಚಿಗೆ, ಕೊಡುಗೆಗಲ್ಲ.

ಹಣದ ಬಳಕೆ ಕುರಿತು 1760ರಲ್ಲಿ ಪ್ರಕಟವಾದ ಪ್ರವಚನದಲ್ಲಿ ವೆಸ್ಲಿ ಮೂರು ಸೂತ್ರ ನೀಡಿದರು: ಸಾಧ್ಯವಾದಷ್ಟು ಗಳಿಸುವುದು, ಸಾಧ್ಯವಾದಷ್ಟು ಉಳಿಸುವುದು, ಸಾಧ್ಯವಾದಷ್ಟು ಕೊಡುವುದು. ಮೇಲ್ನೋಟಕ್ಕೆ ಮೊದಲೆರಡು ಯಾವ ವ್ಯಾಪಾರಿಯಾದರೂ ಆಡುವ ಮಾತು. ಆದರೆ ಪ್ರೀತಿಯ ಆಜ್ಞೆ ಗಳಿಕೆಯ ಹಂತದಲ್ಲೇ ತಡೆಯೊಡ್ಡುತ್ತದೆ. ಪಕ್ಕದ ಅಂಗಡಿಯನ್ನು ಮುಳುಗಿಸಲು ಪೇಟೆ ಧಾರಣೆಗಿಂತ ಅಗ್ಗಕ್ಕೆ ಮಾರಕೂಡದು. ಇನ್ನೊಬ್ಬನಿಗೆ ಬೇಕಾದ ಆಳನ್ನು ಸೆಳೆದುಕೊಳ್ಳಕೂಡದು. ಗಿರವಿ ವ್ಯಾಪಾರ ಮತ್ತು ಮದ್ಯದ ಮಾರಾಟದಿಂದ ಬರುವ ಹಣವೂ ನಿಷಿದ್ಧ. ಸ್ವಂತ ಆರೋಗ್ಯ ಕೆಡಿಸಿಕೊಂಡು ಸಂಪಾದಿಸುವುದೂ ತಪ್ಪೇ.

ಎರಡನೆಯ ಸೂತ್ರವನ್ನು ಇಂದಿನ ಓದುಗರು ತಪ್ಪಾಗಿ ಗ್ರಹಿಸುವುದೇ ಹೆಚ್ಚು. ಉಳಿತಾಯವೆಂದರೆ ವೆಸ್ಲಿಯವರ ದೃಷ್ಟಿಯಲ್ಲಿ ಕೂಡಿಡುವುದಲ್ಲ, ವ್ಯರ್ಥ ವೆಚ್ಚ ಮಾಡದಿರುವುದು. ಬ್ಯಾಂಕಿನಲ್ಲಿ ಹೂತಿಡುವುದೂ ಸಮುದ್ರಕ್ಕೆ ಎಸೆಯುವುದೂ ಅವರಿಗೆ ಒಂದೇ. ಹಾಗೆಂದು ಮನೆಮಂದಿಯನ್ನು ಉಪವಾಸ ಕೆಡವಿ ದಾನ ಮಾಡಿರೆಂದು ಅವರು ಹೇಳಲಿಲ್ಲ. ಮೊದಲು ತನ್ನ, ಹೆಂಡತಿ ಮಕ್ಕಳ ಹಾಗೂ ಮನೆಯ ಆಳುಗಳ ಅಗತ್ಯ, ಮಿಕ್ಕದ್ದು ಸಹವಿಶ್ವಾಸಿಗಳಿಗೆ, ಆಮೇಲೂ ಮಿಕ್ಕರೆ ಎಲ್ಲ ಮನುಷ್ಯರಿಗೆ. ಸಾಲ ತೀರಿಸುವುದಕ್ಕೂ ವ್ಯಾಪಾರದ ಬಂಡವಾಳಕ್ಕೂ ಅವರು ಅವಕಾಶವಿತ್ತಿದ್ದಾರೆ.

ಆದರೂ 28 ಪೌಂಡಿನ ಲೆಕ್ಕ ಒಂಟಿ ಯುವಕನದು ಎಂಬುದನ್ನು ಮರೆಯಬಾರದು. ವೆಸ್ಲಿಯವರಿಗೆ ಸ್ವಂತ ಮಕ್ಕಳಿರಲಿಲ್ಲ. ಶಾಲಾ ಶುಲ್ಕ, ಗೃಹಸಾಲದ ಕಂತು, ವೃದ್ಧ ತಂದೆತಾಯಿಗಳ ಔಷಧಿಯ ನಡುವೆ ತಿಂಗಳು ದೂಡುವ ಕುಟುಂಬಕ್ಕೆ ಆ ಅಂಕಿಗಳನ್ನು ಹಾಗೆಯೇ ಹೊರಿಸುವುದು ನ್ಯಾಯವಲ್ಲ. ಅದು ಅನುಸರಿಸಬಹುದಾದದ್ದು ಕ್ರಮವನ್ನು: ಸಂಬಳ ಹೆಚ್ಚುವ ಮುನ್ನವೇ, ಬದುಕಿಗೆ ಎಷ್ಟು ಸಾಕು ಎಂದು ಗೊತ್ತುಮಾಡಿಕೊಳ್ಳುವುದು.

ದಾನದಷ್ಟೇ ಸಾಲವೂ ವೆಸ್ಲಿಯವರ ಗಮನದಲ್ಲಿತ್ತು. 1746ರಲ್ಲಿ ಅವರು ಲಂಡನ್ನಿನಲ್ಲಿ ಸುಮಾರು 50 ಪೌಂಡ್ ಕೂಡಿಸಿ ಸಾಲನಿಧಿಯೊಂದನ್ನು ತೆರೆದರು. ಒಬ್ಬರಿಗೆ 20 ಷಿಲಿಂಗ್‌ವರೆಗೆ ಸಾಲ, ಮೂರು ತಿಂಗಳಲ್ಲಿ ಮರುಪಾವತಿ. ಒಂದು ವರ್ಷದಲ್ಲಿ ಸುಮಾರು 250 ಮಂದಿಗೆ ಇದು ನೆರವಾಯಿತು. ಇಂದಿನ ಕಿರುಸಾಲಗಳ ಹಿರಿಯಜ್ಜನೆನ್ನಲು ಅಡ್ಡಿಯಿಲ್ಲ. ಮುಂದೆ ಈ ನಿಧಿಯಿಂದ 5 ಪೌಂಡ್ ಪಡೆದ ಜೇಮ್ಸ್ ಲ್ಯಾಕಿಂಗ್ಟನ್ ಲಂಡನ್ನಿನ ಅತಿದೊಡ್ಡ ಪುಸ್ತಕ ವ್ಯಾಪಾರಿಗಳಲ್ಲೊಬ್ಬರಾದರು. ತಮ್ಮ ಆತ್ಮಕಥೆಯಲ್ಲಿ ಮೆಥಡಿಸ್ಟರನ್ನು ಚೆನ್ನಾಗಿ ಗೇಲಿ ಮಾಡಿ, ವರ್ಷಗಳ ನಂತರ ಅದಕ್ಕಾಗಿ ಪಶ್ಚಾತ್ತಾಪಪಟ್ಟರೆಂಬುದು ಬೇರೆ ಮಾತು.

ವೆಸ್ಲಿಯವರನ್ನು ಕೊನೆಗಾಲದಲ್ಲಿ ಬಾಧಿಸಿದ್ದು ಹೊರಗಿನ ಗೇಲಿಯಲ್ಲ, ಒಳಗಿನವರ ಸಿರಿವಂತಿಕೆ. ಭಕ್ತಿ ಮನುಷ್ಯನನ್ನು ದುಡಿಮೆಗಾರನನ್ನಾಗಿ, ಮಿತವ್ಯಯಿಯನ್ನಾಗಿ ಮಾಡುತ್ತದೆ. ಅವೆರಡರಿಂದ ಸಂಪತ್ತು ಹುಟ್ಟುತ್ತದೆ. ಆ ಸಂಪತ್ತೇ ಭಕ್ತಿಯನ್ನು ನುಂಗುತ್ತದೆ ಎಂಬ ಬಿಕ್ಕಟ್ಟು ಅವರನ್ನು ಕಾಡಿತು. ಅನುಯಾಯಿಗಳು ಮೊದಲೆರಡು ಸೂತ್ರಗಳನ್ನು ಕಲಿತು ಮೂರನೆಯದನ್ನು ಬಿಟ್ಟರೆಂದು ಅವರು ಬಹಿರಂಗವಾಗಿಯೇ ದೂರಿದರು.

ಸ್ವತಃ ಅವರ ಲೆಕ್ಕ ಬದಲಾಗಲಿಲ್ಲ. 1776ರಲ್ಲಿ ತೆರಿಗೆ ಅಧಿಕಾರಿಗಳು ಬೆಳ್ಳಿ ಪಾತ್ರೆಗಳ ವಿವರ ಕೇಳಿದಾಗ, ಲಂಡನ್ನಿನಲ್ಲಿ ಎರಡು, ಬ್ರಿಸ್ಟಲಿನಲ್ಲಿ ಎರಡು ಬೆಳ್ಳಿ ಚಮಚಗಳಿವೆ, ಸುತ್ತ ಇಷ್ಟೊಂದು ಜನ ಅನ್ನವಿಲ್ಲದಿರುವಾಗ ಇನ್ನು ಕೊಳ್ಳುವುದಿಲ್ಲ ಎಂದು ಉತ್ತರಿಸಿದರು. ಉಯಿಲಿನಲ್ಲಿ ತಮ್ಮ ಶವವನ್ನು ಹೊರಲು ಆರು ಮಂದಿ ಬಡವರನ್ನು ಕರೆಯಬೇಕೆಂದೂ ತಲಾ ಒಂದು ಪೌಂಡ್ ಕೊಡಬೇಕೆಂದೂ ಬರೆದಿಟ್ಟಿದ್ದರು.